ಟವೆಲ್ ಹಾಕಿದ ಪೆಟ್ಟಿಗೆ

ನಿವೃತ್ತಳಾದ ಮೇಲೆ ನನಗೆ ಆಫೀಸಿನಿಂದ ಬರುವ ಫೋನುಗಳು ಎರಡೇ ಬಗೆಯವು. ಒಂದು ಹಬ್ಬದ ಶುಭಾಶಯ. ಇನ್ನೊಂದು, ‘ಮೇಡಂ, ನೀವು ಬರೆದ ಈ ಟೆಸ್ಟ್ ತೆಗೆದುಹಾಕಬಹುದಾ?’ ಎಂಬ ಪ್ರಶ್ನೆ. ಹೋದ ತಿಂಗಳು ಬಂದದ್ದು ಎರಡನೆಯದು. ಮಾತಾಡಿದವಳು ಸ್ನೇಹಾ, ನಾನು ಬಿಟ್ಟ ಕುರ್ಚಿಗೆ ಬಂದ ಹುಡುಗಿ. ಬುದ್ಧಿವಂತೆ, ಸ್ವಲ್ಪ ಅವಸರದವಳು.

“ಮೇಡಂ, ‘ಟವೆಲ್’ ಅಂತ ಒಂದು ಟೆಸ್ಟ್ ಇದೆ. ಅಂಥದ್ದೇ ಇನ್ನೂ ಕೆಲವಿವೆ. ಇದರಿಂದ ಹೊಸದೇನೂ ಪರೀಕ್ಷೆ ಆಗ್ತಿಲ್ಲ, ತೆಗೀಬಹುದು ಅಂತ ಹೊಸ ಟೂಲ್ ಹೇಳ್ತಿದೆ. ಯಾಕೆ ಬರೆದಿದ್ದು ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ.”

“ತೆಗೀಬೇಡ,” ಎಂದೆ.

“ಕಾರಣ ಬರೀಬೇಕು ಮೇಡಂ.”

“ಕಾರಣ ಪಂಚನಹಳ್ಳಿಯ ಒಂದು ತೆಂಗಿನ ತೋಟದಿಂದ ಶುರುವಾಗತ್ತೆ. ಟೈಮ್ ಇದೆಯಾ?”

ಇದೆ ಎಂದಳು. ಅವಳಿಗೆ ಹೇಳಿದ್ದನ್ನೂ ಹೇಳುವಾಗ ಬಿಟ್ಟುಹೋದದ್ದನ್ನೂ ಸೇರಿಸಿ, ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಪ್ರಶಸ್ತಿ ಫಲಕ ಬಂತು ಎಂಬುದು ಇದರಲ್ಲಿಲ್ಲ. ಆ ಫಲಕಗಳೆಲ್ಲ ಈಗ ನಮ್ಮ ಮನೆಯಲ್ಲಿ ಹಿಟ್ಟಿನ ಡಬ್ಬಿಗಳಿಗೆ ಮುಚ್ಚಳವಾಗಿವೆ.

ನಾನು ಹುಟ್ಟಿದ್ದು ಅಜ್ಜಂಪುರ, ಮದುವೆಯಾಗಿ ಬಂದದ್ದು ಬೀರೂರು. ಕಂಪನಿ ಬೆಂಗಳೂರಿನದು. ಮೊದಲೆಲ್ಲ ರೈಲಿನಲ್ಲಿ ವಾರವಾರ ಓಡಾಡುತ್ತಿದ್ದೆ. ಮನೆಯಿಂದಲೇ ಕೆಲಸ ಮಾಡಬಹುದು ಎಂದಾದ ಮೇಲೆ ನಮ್ಮ ನಡುಮನೆಯೇ ಆಫೀಸಾಯಿತು. ದಿನವಿಡೀ ಪರದೆಯ ಮುಂದೆ ಕೂತ ಸೊಸೆಯನ್ನು ನೋಡಿ ನಮ್ಮತ್ತೆ ಒಮ್ಮೆ ಕೇಳಿದರು.

“ನಿಂದು ಏನ್ ಕೆಲ್ಸನೇ ಗಿರಿಜಾ?”

“ಬೇರೆಯವ್ರು ಕಟ್ಟಿದ್ದನ್ನ ಒಡೆದು ನೋಡೋದು ಅತ್ತೆ.”

“ಅದಕ್ಕೂ ಸಂಬ್ಳ ಕೊಡ್ತಾರೇನೇ!”

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಆ ದೊಣ್ಣೆಯೇ ನಾನು. ನಮ್ಮ ಕಂಪನಿ ಸಣ್ಣ ಸಣ್ಣ ಯಂತ್ರಗಳೊಳಗಿನ ಕಂಪ್ಯೂಟರ್ ಚಿಪ್ಪುಗಳಿಗೆ ಪ್ರೋಗ್ರಾಂ ಕಟ್ಟುವ ಸಾಧನಗಳನ್ನು ಮಾಡುತ್ತಿತ್ತು. ಅದರಲ್ಲಿ ಲಿಂಕರ್ ಎಂಬುದೊಂದು. ಯಾವ ಪ್ರೋಗ್ರಾಮನ್ನೂ ಒಬ್ಬರೇ ಕೂತು ಒಂದೇ ಉಸಿರಿನಲ್ಲಿ ಬರೆಯುವುದಿಲ್ಲ. ಹತ್ತಾರು ಜನ ಹತ್ತಾರು ತುಂಡು ಬರೆಯುತ್ತಾರೆ. ಆ ತುಂಡುಗಳನ್ನು ಜೋಡಿಸಿ ಒಂದು ಮಾಡುವುದೇ ಲಿಂಕರ್. ಒಂದು ತುಂಡು ಇನ್ನೊಂದರಲ್ಲಿರುವ ಕೆಲಸವನ್ನು ಹೆಸರು ಹಿಡಿದು ಕರೆಯುತ್ತದೆ. ಆ ಹೆಸರಿನವರು ಎಲ್ಲಿದ್ದಾರೆ ಎಂದು ಹುಡುಕಿ ಕೊಡುವ ಹೊಣೆ ಲಿಂಕರಿನದು.

ಒಂದೇ ಹೆಸರನ್ನು ಎರಡು ತುಂಡುಗಳು ತಂದರೆ ಏನು ಮಾಡಬೇಕು? ಅದನ್ನು ಪರೀಕ್ಷಿಸುವ ಪುಟ್ಟ ಪ್ರೋಗ್ರಾಮುಗಳನ್ನು, ಅಂದರೆ ಟೆಸ್ಟುಗಳನ್ನು, ಬರೆಯುವುದರಲ್ಲೇ ನನ್ನ ಆಯುಷ್ಯದ ಒಳ್ಳೆಯ ಭಾಗ ಕಳೆಯಿತು. ಇಬ್ಬರೂ ಸರಿಸಮಾನರಾದರೆ ಲಿಂಕರ್ ಕೆಲಸ ನಿಲ್ಲಿಸಿ ದೂರು ಹೇಳಬೇಕು. ಆದರೆ ಒಬ್ಬರ ಮೇಲೆ ‘ದುರ್ಬಲ’ ಎಂದು ಗುರುತು ಹಾಕಿರಬಹುದು. ನಮ್ಮ ಕಡೆ ಮದುವೆಯಲ್ಲಿ ಸೋದರಮಾವ ಬರುವುದು ತಡವಾದರೆ ಮಾವನ ಸ್ಥಾನದಲ್ಲಿ ಯಾರಾದರೂ ಹಿರಿಯರನ್ನು ನಿಲ್ಲಿಸಿ ಶಾಸ್ತ್ರ ಶುರು ಮಾಡುತ್ತಾರೆ. ನಿಜವಾದ ಮಾವ ಬಂದ ಕೂಡಲೇ ಅವರು ಪಕ್ಕಕ್ಕೆ ಸರಿಯಬೇಕು. ದುರ್ಬಲ ಹೆಸರೂ ಹಾಗೆಯೇ: ಯಾರೂ ಬರದಿದ್ದರೆ ಮಾತ್ರ ಅದರ ಮಾತು ನಡೆಯುತ್ತದೆ.

ಸೇರಿದ ಹೊಸದರಲ್ಲಿ ನಾನು ಮಾಡಿದ ಅವಾಂತರ ಕೇಳಿ. ಒಂದೇ ಹೆಸರಿನ ಎರಡು ತುಂಡು ಬರೆದೆ, ಒಂದು ದುರ್ಬಲ, ಒಂದು ಪ್ರಬಲ. ಜೋಡಿಸಿ ಓಡಿಸಿದೆ. ಬರಬೇಕಾದ ಉತ್ತರ, ಏಳು ಎಂಬ ಅಂಕಿ, ಬಂತು. ಹಿಂದುಮುಂದು ಮಾಡಿ ಜೋಡಿಸಿದೆ. ಆಗಲೂ ಬಂತು. ಕುಣಿಯುವುದೊಂದು ಬಾಕಿ. ನಮ್ಮ ಮುಖ್ಯಸ್ಥರು ಫಣೀಂದ್ರ ಎಂಬುವವರು. ನಗುವುದನ್ನು ರಜೆಯ ಹಾಗೆ ಉಳಿಸಿ ಉಳಿಸಿ ಬಳಸುವ ಮನುಷ್ಯ. ನನ್ನ ಪರದೆಯನ್ನು ಒಂದು ಗಳಿಗೆ ನೋಡಿ ಕೇಳಿದರು.

“ಎರಡೂ ತುಂಡು ಏಳು ಅಂತಾನೇ ಉತ್ತರ ಕೊಡ್ತವಲ್ಲಮ್ಮ. ಮಾತಾಡಿದ್ದು ಯಾರು ಅಂತ ನಿನಗೆ ಹೇಗೆ ಗೊತ್ತಾಯ್ತು?”

ಅಕ್ಕಪಕ್ಕದವರೆಲ್ಲ ನಕ್ಕರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಂದಿನಿಂದ ನನ್ನ ಟೆಸ್ಟುಗಳಲ್ಲಿ ಒಬ್ಬ ‘ಕಡೂರು’ ಎಂದರೆ ಇನ್ನೊಬ್ಬ ‘ತರೀಕೆರೆ’ ಎನ್ನುತ್ತಿದ್ದ. ಬೆಂಗಳೂರಿನವರಿಗೆ ಅದೆಲ್ಲ ಯಾವ ಊರು ಎಂದು ಗೊತ್ತಿರಲಿಲ್ಲ, ನನಗಂತೂ ಊರಿನ ಹೆಸರು ನೋಡಿ ಖುಷಿಯಾಗುತ್ತಿತ್ತು.

ಆಮೇಲೆ ವಿಧಾನ ಬದಲಾಯಿತು. ಮೊದಲಿನ ಲಿಂಕರ್ ತುಂಡುಗಳನ್ನು ಬಿಚ್ಚಿ ನೋಡುತ್ತಿರಲಿಲ್ಲ. ನಮ್ಮ ಬೀರೂರು ಜಂಕ್ಷನ್ನಿನಲ್ಲಿ ರೈಲಿನ ಬೋಗಿ ಜೋಡಿಸುವವರಿಗೆ ಒಳಗೆ ಯಾರು ಕೂತಿದ್ದಾರೆ ಎಂಬುದು ಬೇಕಿಲ್ಲವಲ್ಲ, ಹಾಗೆ. ಹೊಸ ವಿಧಾನದಲ್ಲಿ ಜೋಡಿಸುವ ಹೊತ್ತಿನಲ್ಲೇ ಎಲ್ಲ ತುಂಡುಗಳನ್ನೂ ಬಿಚ್ಚಿ, ಒಟ್ಟಿಗೆ ಓದಿ, ಬೇಡದ್ದನ್ನು ಕಿತ್ತು, ಇಡೀ ಪ್ರೋಗ್ರಾಮನ್ನು ಚಿಕ್ಕದು ಮಾಡುತ್ತಾರೆ. ಸಣ್ಣ ಕೆಲಸವಾದರೆ ಹೆಸರು ಹಿಡಿದು ಕರೆಯುವ ಗೋಜೇ ಬೇಡವೆಂದು, ಆ ಕೆಲಸವನ್ನೇ ಕರೆಯುವ ಜಾಗಕ್ಕೆ ಎತ್ತಿ ನೆಟ್ಟುಬಿಡುತ್ತಾರೆ. ಚಿಪ್ಪಿನಲ್ಲಿ ಜಾಗ ಉಳಿಯುತ್ತದೆ, ವೇಗ ಹೆಚ್ಚುತ್ತದೆ. ನನಗೆ ಮಾತ್ರ ಮೊದಲಿನಿಂದಲೂ ಒಂದು ದಿಗಿಲು. ಮಾವ ಬರುವ ಮೊದಲೇ ಶಾಸ್ತ್ರ ಮುಗಿಸಿಬಿಟ್ಟರೆ? ಆಮೇಲೆ ಮಾವ ಬಂದು ಪೇಟ ಸುತ್ತಿಕೊಂಡು ಕೂತಿರುತ್ತಾನೆ, ಎಲ್ಲರಿಗೂ ಕಾಣುತ್ತಾನೆ, ಆದರೆ ಧಾರೆ ಆಗಲೇ ಬೇರೆಯವರ ಕೈಯಲ್ಲಿ ಆಗಿಹೋಗಿರುತ್ತದೆ. ಈ ದಿಗಿಲಿಗಾಗಿ ರಾಶಿ ಟೆಸ್ಟು ಬರೆದೆ. ಎಲ್ಲ ಪಾಸಾದವು.

ಇನ್ನು ನಮ್ಮ ಯಜಮಾನರ ವಿಷಯ. ಅವರ ಹೆಸರು ರುದ್ರೇಶ್, ಊರಿಗೆಲ್ಲ ರುದ್ರಣ್ಣ. ಬೀರೂರಿನಲ್ಲಿ ಅವರದು ಮೋಟಾರ್ ರಿಪೇರಿ ಅಂಗಡಿ. ಚೌಳಹಿರಿಯೂರಿನಿಂದ ಪಂಚನಹಳ್ಳಿಯವರೆಗೆ ಯಾರ ಬೋರ್‌ವೆಲ್ ಮೋಟಾರ್ ಕೆಟ್ಟರೂ ಬೈಕಿನ ಹಿಂದೆ ಸಾಮಾನು ಕಟ್ಟಿಕೊಂಡು ಹೊರಡುವವರು. ‘ಸಾಫ್ಟ್‌ವೇರ್ ಹುಡುಗಿ ರಿಪೇರಿಯವನನ್ನ ಒಪ್ಪಿದಳಾ?’ ಎಂದು ನೆಂಟರು ಬಾಯಿ ಬಿಟ್ಟಿದ್ದರು. ನೋಡಲು ಬಂದ ದಿನ ನಮ್ಮಮ್ಮನ ಕೆಟ್ಟ ಮಿಕ್ಸಿಯನ್ನು ಕಾಫಿ ಆರುವಷ್ಟರಲ್ಲಿ ಬಿಚ್ಚಿ ಸರಿ ಮಾಡಿ ಕೊಟ್ಟಿದ್ದ ಮನುಷ್ಯ. ನನಗೆ ಇನ್ನೇನು ಬೇಕಿತ್ತು? ಸಂಜೆ ಅವರು ಯಾಕೆ ಸುಟ್ಟಿತು ಎಂದು ಹೇಳುತ್ತಿದ್ದರು, ನಾನು ಯಾಕೆ ಫೇಲಾಯಿತು ಎಂದು ಹೇಳುತ್ತಿದ್ದೆ. ನಮ್ಮ ಸಂಸಾರದಲ್ಲಿ ಮಾತಿಗೆ ಬರ ಬಂದದ್ದೇ ಇಲ್ಲ.

ತೋಟದ ರಿಪೇರಿಯವರಲ್ಲಿ ಒಂದು ಪದ್ಧತಿ ಇದೆ. ಸ್ಟಾರ್ಟರ್ ಪೆಟ್ಟಿಗೆ ಬಿಚ್ಚಿ ವೈರಿಗೆ ಕೈ ಹಾಕುವ ಮೊದಲು ಹೆಗಲ ಮೇಲಿನ ಟವೆಲ್ಲನ್ನು ಪೆಟ್ಟಿಗೆಯ ಮೇಲೆ ಹಾಕಬೇಕು. ಟವೆಲ್ ಕಂಡರೆ ಮನೆಯ ಯಜಮಾನನೇ ಆಗಲಿ, ಯಾರೂ ಸ್ವಿಚ್ ಮುಟ್ಟುವಂತಿಲ್ಲ. ಹಾಕಿದವನೇ ತೆಗೆಯಬೇಕು. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ, ಎಲ್ಲರಿಗೂ ಗೊತ್ತು.

ಮೊಬೈಲ್ ಸ್ಟಾರ್ಟರ್ ಬಂದು ಈ ಪದ್ಧತಿಗೆ ಕಲ್ಲು ಬಿತ್ತು. ತೋಟದವರು ಮನೆಯಲ್ಲೋ ಸಂತೆಯಲ್ಲೋ ಕೂತು ಫೋನ್ ಮಾಡಿದರೆ ಮೋಟಾರ್ ಶುರುವಾಗುತ್ತದೆ. ದೂರದಲ್ಲಿ ಕೂತವರಿಗೆ ಟವೆಲ್ ಕಾಣುವುದು ಹೇಗೆ? ತರೀಕೆರೆಯಲ್ಲಿ ನಂದೀಶ್ ಎಂಬ ಹುಮ್ಮಸ್ಸಿನ ಮನುಷ್ಯ ಇಂಥ ಸ್ಟಾರ್ಟರುಗಳನ್ನು ತಯಾರಿಸುತ್ತಿದ್ದರು. ನಮ್ಮವರು ಅವರ ಬಳಿ ಹೋಗಿ ಹೇಳಿದರು, “ಪೆಟ್ಟಿಗೆ ಒಳಗೇ ಒಂದು ಟವೆಲ್ ಇಡ್ರೀ ನಂದೀಶಣ್ಣ. ನಾವು ಕೀಲಿ ತಿರುಗಿಸಿದ್ರೆ ಯಾರ್ ಫೋನ್ ಮಾಡಿದ್ರೂ ಮೋಟಾರ್ ಏಳಬಾರ್ದು.” ನಂದೀಶ್ ಹಾಗೇ ಮಾಡಿಸಿದರು. ‘ಟವೆಲ್ ಕೀಲಿ’ ಎಂದೇ ಹೆಸರಿಟ್ಟರು. ಪ್ರೋಗ್ರಾಮಿನಲ್ಲೂ ಆ ಕೆಲಸದ ಹೆಸರು ಟವೆಲ್ಲೇ. ಆ ಪ್ರೋಗ್ರಾಂ ಕಟ್ಟುತ್ತಿದ್ದದ್ದು ನಮ್ಮ ಕಂಪನಿಯ ಲಿಂಕರಿನಿಂದ. ಗಂಡನ ಕೀಲಿ, ಹೆಂಡತಿಯ ಲಿಂಕರ್ ಎಂದು ಮನೆಯಲ್ಲಿ ಎಷ್ಟು ತಮಾಷೆ ಮಾಡಿಕೊಂಡಿದ್ದೆವೋ.

ಒಂದು ದಿನ ಮಧ್ಯಾಹ್ನ ನಮ್ಮವರು ಪಂಚನಹಳ್ಳಿಯ ಓಂಕಾರಪ್ಪನವರ ತೋಟದಿಂದ ಊಟಕ್ಕೆ ಬಂದರು. ಕೈ ತೊಳೆಯಲಿಲ್ಲ. ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತರು. ಜೇಬಿನಿಂದ ಮೂರು ಫ್ಯೂಸ್ ತೆಗೆದು ಮೇಜಿನ ಮೇಲಿಟ್ಟರು.

“ಇದೇನ್ರೀ, ಓಂಕಾರಪ್ಪನವರ ಫ್ಯೂಸ್ ಮನೆಗೆ ತಂದಿದೀರ?”

“ವಾಪಸ್ ಹಾಕೋದು ಮರ್ತ್‌ಬಿಟ್ಟೆ ಕಣೇ.” ಫ್ಯೂಸುಗಳನ್ನೇ ನೋಡುತ್ತ ಹೇಳಿದರು, “ಗಿರಿಜಾ, ನಮ್ ಟವೆಲ್ ಮಾತು ಕೇಳ್ಲಿಲ್ಲ.”

ನಡೆದದ್ದು ಇಷ್ಟು. ತೋಟದ ಓಂಕಾರಪ್ಪನವರು ಕಡೂರಿನ ಕಲ್ಯಾಣ ಮಂಟಪದಲ್ಲಿ ಯಾರದೋ ಮದುವೆಗೆ ಹೋಗಿದ್ದರು. ನಮ್ಮವರು ಟವೆಲ್ ಕೀಲಿ ತಿರುಗಿಸಿ, ಪೆಟ್ಟಿಗೆಯೊಳಗೆ ಮೋಟಾರಿನ ವೈರ್ ಬಿಚ್ಚುತ್ತಿದ್ದರು. ಕರೆಂಟ್ ಬಂದಿದೆ ಎಂಬ ಸುದ್ದಿ ಸಿಕ್ಕ ಓಂಕಾರಪ್ಪನವರು ಪಂಕ್ತಿಯಲ್ಲಿ ಕೂತೇ ಫೋನ್ ಮಾಡಿದರು. ಬೆರಳಿನ ಪಕ್ಕದಲ್ಲೇ ಟಕ್ ಎಂದಿತು. ಕೀಲಿ ಹಾಕಿದ್ದರೂ ಸ್ಟಾರ್ಟರ್ ಎದ್ದಿತ್ತು. ಅತ್ತ ಓಂಕಾರಪ್ಪನವರ ಫೋನಿನಲ್ಲಿ ಹೆಣ್ಣು ದನಿಯೊಂದು ‘ನಿಮ್ಮ ಮೋಟಾರ್ ಚಾಲನೆಯಲ್ಲಿದೆ’ ಎಂದು ಇಂಪಾಗಿ ಹೇಳಿತಂತೆ. ಮೋಟಾರಿಗೆ ಹೋಗುವ ಮೂರೂ ಫ್ಯೂಸ್ ಇವರ ಜೇಬಿನಲ್ಲಿದ್ದುದರಿಂದ ವೈರಿಗೆ ಕರೆಂಟ್ ಹರಿಯಲಿಲ್ಲ.

“ಕೀಲಿ ಇದ್ಯಲ್ಲ, ಇವತ್ತು ಫ್ಯೂಸ್ ಕೀಳೋದು ಬೇಡ ಅಂದ್ಕೊಂಡಿದ್ದೆ,” ಎಂದರು. “ಹಳೇ ಅಭ್ಯಾಸ. ಕೈ ತಾನೇ ಹೋಯ್ತು.”

ನಾನು ಅವರ ಎರಡೂ ಕೈ ಹಿಡಿದು ಗ್ರೀಸಿನ ಮೇಲೇ ಮುಖವಿಟ್ಟು ಅತ್ತುಬಿಟ್ಟೆ. ಅವರು ಸಂಕೋಚದಿಂದ, “ಏ, ಏನೂ ಆಗಿಲ್ಲ ಕಣೇ, ಅನ್ನ ಆರ್ತದೆ,” ಎನ್ನುತ್ತಿದ್ದರು. ಅಳು ನಿಂತ ಮೇಲೆ ಬಂದದ್ದು ಭಯ. ಇವರ ಜೇಬಿನಲ್ಲಿ ಫ್ಯೂಸ್ ಇತ್ತು. ಕೀಲಿಯನ್ನು ನಂಬಿ ಫ್ಯೂಸ್ ಕೀಳುವುದನ್ನೇ ಬಿಟ್ಟ ಉಳಿದ ರಿಪೇರಿಯವರ ಗತಿ?

ನಂದೀಶರಿಗೆ ಫೋನ್ ಮಾಡಿದೆ. ಅವರು ವಾದಿಸಲಿಲ್ಲ, ಅದಕ್ಕೆ ನಾನು ಇಂದಿಗೂ ಋಣಿ. “ಅಕ್ಕಾ, ಹೆಂಗಸಿನ ದನಿ ಸೇರಿಸಿದ ಮೇಲೆ ಚಿಪ್ಪಲ್ಲಿ ಜಾಗ ಸಾಲ್ಲಿಲ್ಲ. ಅದಕ್ಕೆ ನಿಮ್ ಹೊಸ ವಿಧಾನ ಹಾಕಿ ಚಿಕ್ಕದು ಮಾಡಿದ್ವಿ. ಟವೆಲ್ ತುಂಡು ಮಾತ್ರ ಮುಟ್ಲಿಲ್ಲ. ಅದು ಚೆನ್ನಾಗಿ ನಡೀತಿತ್ತು, ಯಾಕೆ ಕೆದಕೋದು ಅಂತ ಹಳೇ ರೀತಿಲಿ ಕಟ್ಟಿದ್ದನ್ನೇ ಇಟ್ವಿ,” ಎಂದರು. ಆಮೇಲೆ ಗೊತ್ತಿದ್ದ ರಿಪೇರಿಯವರಿಗೆಲ್ಲ ‘ಕೀಲಿ ನಂಬಬೇಡಿ, ಫ್ಯೂಸ್ ಕೀಳಿ’ ಎಂದು ತಾವೇ ಫೋನ್ ಮಾಡಲು ಕೂತರು. ಫೋನ್ ಎತ್ತದವರ ಊರಿಗೆ ನಮ್ಮವರು ಊಟ ಅರ್ಧಕ್ಕೆ ಬಿಟ್ಟು ಬೈಕ್ ಹತ್ತಿದರು.

ನಾನು ನಂದೀಶರ ತುಂಡುಗಳನ್ನು ತರಿಸಿಕೊಂಡು ನೋಡಿದೆ. ಟವೆಲ್ ಎಂಬ ಹೆಸರು ಎರಡು ಕಡೆ ಇತ್ತು. ಒಂದು ದುರ್ಬಲ, ಹೊಸ ರೀತಿಯದು, ಕೀಲಿಯೇ ಇಲ್ಲದ ಅಗ್ಗದ ಪೆಟ್ಟಿಗೆಗಳಿಗಾಗಿ ಬರೆದದ್ದು. ‘ಯಾರಾದರೂ ಕೆಲಸ ಮಾಡುತ್ತಿದ್ದಾರಾ?’ ಎಂದು ಕೇಳಿದರೆ ಯಾವಾಗಲೂ ‘ಯಾರೂ ಇಲ್ಲ’ ಎನ್ನುತ್ತಿತ್ತು. ಇನ್ನೊಂದು ಪ್ರಬಲ, ನಂದೀಶ್ ಮುಟ್ಟದೆ ಹಳೆಯ ರೀತಿಯಲ್ಲೇ ಬಿಟ್ಟದ್ದು, ಕೀಲಿಯನ್ನು ನಿಜವಾಗಿ ನೋಡಿ ‘ಇದ್ದಾರೆ’ ಎನ್ನುವುದು. ಲಿಂಕರ್ ಕೊಟ್ಟ ವರದಿಯಲ್ಲಿ ಆಯ್ಕೆಯಾದದ್ದು ಪ್ರಬಲವೇ. ಆದರೆ ಚಿಪ್ಪಿನೊಳಗೆ ಹೋದದ್ದನ್ನು ಬಿಚ್ಚಿ ಓದಿದರೆ, ಕೇಳುವ ಜಾಗದಲ್ಲಿ ‘ಯಾರೂ ಇಲ್ಲ’ ಎಂಬುದು ಆಗಲೇ ನೆಟ್ಟು ಕೂತಿತ್ತು. ಮಾವ ಪೇಟ ಸುತ್ತಿಕೊಂಡು ಸುಮ್ಮನೆ ಕೂತಿದ್ದ. ನನ್ನ ಟೆಸ್ಟುಗಳು ಯಾಕೆ ಹಿಡಿಯಲಿಲ್ಲ? ಎಲ್ಲ ತುಂಡೂ ಹಳೆಯ ರೀತಿಯವು, ಇಲ್ಲವೇ ಎಲ್ಲ ತುಂಡೂ ಹೊಸ ರೀತಿಯವು, ಹೀಗೇ ಪರೀಕ್ಷೆ ನಡೆದಿತ್ತು. ಹಳತೂ ಹೊಸತೂ ಬೆರೆತ ಮನೆಯನ್ನು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ.

ಮಾರನೆಯ ದಿನ ವಿಡಿಯೋ ಕರೆಯಲ್ಲಿ ಫಣೀಂದ್ರ ಅವರಿಗೆ ನಡೆದದ್ದನ್ನೆಲ್ಲ ಹೇಳಿದೆ. ಲಿಂಕರಿನ ಹೊಸ ಆವೃತ್ತಿ ಹೊರಬೀಳುವ ವಾರ ಅದು. ಅವರ ಹುಬ್ಬು ಗಂಟಿಕ್ಕಿತು.

“ಒಂದೇ ಹೆಸರು ಎರಡು ಕಡೆ ಇಟ್ಟರೆ ಅದು ಬಳಸುವವರ ತಪ್ಪು ಗಿರಿಜಾ. ನಮ್ಮದಲ್ಲ.”

“ದುರ್ಬಲ ಅಂತ ಗುರುತು ಹಾಕಿ ಇಡಬಹುದು ಅಂತ ನಮ್ಮ ನಿಯಮದಲ್ಲೇ ಇದೆ ಸರ್.”

“ಅವರ ಪ್ರೋಗ್ರಾಮಿನಲ್ಲಿ ಇನ್ನೇನು ಗೋಜಲಿದೆಯೋ. ಮೋಟಾರು, ಫೋನು, ಹೆಣ್ಣು ದನಿ... ಅಷ್ಟನ್ನೂ ಕಟ್ಟಿಕೊಂಡು ಬಂದರೆ ಯಾರೂ ನೋಡಲ್ಲ. ಚಿಕ್ಕದು ಮಾಡಿ ತೋರಿಸು. ಆಗ ಬಿಡುಗಡೆ ನಿಲ್ಲಿಸ್ತೀನಿ.”

ಹೊಸಬರಿಗೆ ನಾನು ಹೇಳುವ ಒಂದೇ ಕೆಲಸದ ಮಾತು ಇದು. ದೊಡ್ಡ ಪ್ರೋಗ್ರಾಮಿನಿಂದ ಒಂದೊಂದೇ ಕಿತ್ತು ಎಸೆಯುತ್ತ ಹೋಗಬೇಕು, ಪ್ರತಿ ಸಲವೂ ತಪ್ಪು ಇನ್ನೂ ಇದೆಯೇ ಎಂದು ನೋಡಬೇಕು. ನಾನು ಹೆಣ್ಣು ದನಿಯನ್ನು ಕಿತ್ತೆ. ತಪ್ಪು ಇತ್ತು. ಫೋನನ್ನು ಕಿತ್ತೆ. ಇತ್ತು. ಮೋಟಾರನ್ನೇ ಕಿತ್ತೆ. ಆಗಲೂ ಇತ್ತು. ತೋಟ, ನೀರು, ಓಂಕಾರಪ್ಪ ಎಲ್ಲ ಹೋಗಿ ಕೊನೆಗೆ ಪರದೆಯ ಮೇಲೆ ಉಳಿದದ್ದು ಮೂರೇ ಮೂರು ತುಂಡು. ‘ಯಾರಾದರೂ ಇದ್ದೀರಾ?’ ಎಂದು ಕೇಳುವುದೊಂದು, ‘ಯಾರೂ ಇಲ್ಲ’ ಎನ್ನುವುದೊಂದು, ‘ಇದ್ದೇನೆ’ ಎನ್ನುವುದೊಂದು. ಓಡಿಸಿದೆ. ‘ಯಾರೂ ಇಲ್ಲ’ ಎಂದಿತು. ಆ ಹೊತ್ತಿಗೆ ನಮ್ಮವರು ಚೌಳಹಿರಿಯೂರಿನ ಯಾವುದೋ ತೋಟದಲ್ಲಿದ್ದರು. ತಪ್ಪು ಸಿಕ್ಕ ಖುಷಿ ನನಗಾಗಲಿಲ್ಲ. ಎದ್ದು ಹೋಗಿ ಅವರಿಗೆ ಫೋನ್ ಮಾಡಿ, “ಎಲ್ಲಿದೀರ?” ಎಂದೆ. “ಇಲ್ಲೇ ಇದೀನಿ ಕಣೇ, ಯಾಕೆ?” ಎಂದರು. “ಸುಮ್ನೆ” ಎಂದು ಇಟ್ಟುಬಿಟ್ಟೆ.

ಫಣೀಂದ್ರ ಆ ಮೂರು ತುಂಡುಗಳನ್ನು ಓದಿದರು. ತಾವೇ ಒಮ್ಮೆ ಓಡಿಸಿ ನೋಡಿದರು.

“ನಮ್ಮದೇ ತಪ್ಪು,” ಎಂದರು. ಆಮೇಲೆ ಕೇಳಿದರು, “ನಿಮ್ಮ ಯಜಮಾನರ ಕೈ ಹೇಗಿದೆ?”

“ಚೆನ್ನಾಗಿದೆ ಸರ್.”

“ಬಿಡುಗಡೆ ನಿಲ್ಲಿಸಿ,” ಎಂದು ಕರೆಯಲ್ಲಿದ್ದ ಉಳಿದವರಿಗೆ ಹೇಳಿದರು. ಅಷ್ಟು ವರ್ಷ ನಾನು ಗೊಣಗಿಕೊಂಡೇ ದುಡಿದ ಆ ಮನುಷ್ಯನ ಮೇಲೆ ಅವತ್ತು ಎಂಥ ಪ್ರೀತಿ ಉಕ್ಕಿತು ಎಂದರೆ, ಎದುರಿಗಿದ್ದಿದ್ದರೆ ಕಾಲಿಗೆ ಬೀಳುತ್ತಿದ್ದೆನೇನೋ.

ತಿದ್ದಿದ್ದು ಸಣ್ಣ ಜಾಗ. ಶಾಸ್ತ್ರಕ್ಕೆ ಮುಂಚೆ ಹಳೆಯ ರೀತಿಯ ತುಂಡುಗಳಲ್ಲೂ ಮಾವ ಇದ್ದಾನಾ ಎಂದು ಕೇಳಿ ಬರಬೇಕು, ಅಷ್ಟೇ. ನಂದೀಶ್ ಪೆಟ್ಟಿಗೆಗಳನ್ನೆಲ್ಲ ತರಿಸಿ ಹೊಸ ಪ್ರೋಗ್ರಾಂ ತುಂಬಿದರು. ಆ ಮೂರು ತುಂಡಿನ ಟೆಸ್ಟಿಗೆ ನಾನು ಟವೆಲ್ ಎಂದೇ ಹೆಸರಿಟ್ಟೆ. ಪ್ರತಿ ಹೊಸ ಲಿಂಕರ್ ಹೊರಹೋಗುವ ಮೊದಲು ಅದು ಓಡುತ್ತದೆ, ‘ಇದ್ದೇನೆ’ ಎಂದರೆ ಮಾತ್ರ ಪಾಸು.

ನಮ್ಮ ಮನೆಯಲ್ಲೂ ಒಂದು ಪದ್ಧತಿ ಅಂದಿನಿಂದ ಶುರುವಾಯಿತು. ಪೆಟ್ಟಿಗೆಗೆ ಕೈ ಹಾಕುವ ಮೊದಲು ನಮ್ಮವರು ಫ್ಯೂಸ್ ಕಿತ್ತು, ಕೀಲಿ ತಿರುಗಿಸಿ, ಹೆಗಲ ಟವೆಲ್ಲನ್ನೂ ಹಾಕಿ, ನನಗೊಂದು ಫೋನ್ ಮಾಡುತ್ತಾರೆ. “ಟವೆಲ್ ಹಾಕ್ದೆ.” ಮುಗಿದ ಮೇಲೆ ಇನ್ನೊಂದು. “ಟವೆಲ್ ತೆಗ್ದೆ.” ಮೀಟಿಂಗ್ ನಡುವೆ ಎಷ್ಟು ಸಲ ಈ ಫೋನ್ ಎತ್ತಿದ್ದೇನೋ ಲೆಕ್ಕವಿಲ್ಲ. ಎರಡು ಫೋನುಗಳ ನಡುವಿನ ಹೊತ್ತಿನಲ್ಲಿ ನಾನು ಸರಿಯಾಗಿ ಕೆಲಸ ಮಾಡಿದವಳೇ ಅಲ್ಲ. ಇದು ನನ್ನ ಯಾವ ಮುಖ್ಯಸ್ಥರಿಗೂ ಗೊತ್ತಿಲ್ಲ.

ಸ್ನೇಹಾಳಿಗೆ ಇದನ್ನೆಲ್ಲ ಹೇಳುತ್ತಿದ್ದ ದಿನವೂ ಬೆಳಿಗ್ಗೆಯ ಫೋನ್ ಬಂದಿತ್ತು. ನಮ್ಮವರು ಪಂಚನಹಳ್ಳಿಯಲ್ಲಿ, ಅದೇ ಓಂಕಾರಪ್ಪನವರ ತೋಟದಲ್ಲಿದ್ದರು. ಕತೆ ಮುಗಿಯುತ್ತಿದ್ದಾಗ ಮೇಜಿನ ಮೇಲಿದ್ದ ಇನ್ನೊಂದು ಫೋನ್ ಬಡಿದುಕೊಂಡಿತು. “ಒಂದ್ನಿಮಿಷ ಸ್ನೇಹಾ,” ಎಂದು ಎತ್ತಿದೆ.

“ಟವೆಲ್ ತೆಗ್ದೆ ಕಣೇ. ಊಟಕ್ಕೆ ಬತ್ತೀನಿ.”

ಸ್ನೇಹಾಳಿಗೂ ಅದು ಕೇಳಿಸಿತ್ತು. “ಥ್ಯಾಂಕ್ಸ್ ಮೇಡಂ” ಎಂದು ಇಟ್ಟಳು. ನಾನು ಸಾರಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಅವಳಿಂದ ಸಂದೇಶ ಬಂದಿತ್ತು. ಟೆಸ್ಟನ್ನು ಉಳಿಸಿಕೊಂಡು, ಅದರ ನೆತ್ತಿಯ ಮೇಲೆ, ಕಾರಣ ಬರೆಯುವ ಜಾಗದಲ್ಲಿ, ಎರಡು ವಾಕ್ಯ ಬರೆದಿದ್ದಳು: ‘ಇದನ್ನು ತೆಗೆಯಬೇಡಿ. ಪೆಟ್ಟಿಗೆಯೊಳಗೆ ಒಬ್ಬರ ಕೈ ಇದೆ.’

ಊಟದ ಹೊತ್ತಿಗೆ ಬೈಕ್ ನಿಂತ ಸದ್ದಾಯಿತು. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಒಳಗೆ ಬಂದ ಮನುಷ್ಯನಿಗೆ ಅದನ್ನು ಓದಿ ಹೇಳಿದೆ. ಅವರು ಗ್ರೀಸ್ ಮೆತ್ತಿದ ಎರಡೂ ಕೈಗಳನ್ನು ಒಮ್ಮೆ ಹಿಂದೆಮುಂದೆ ತಿರುಗಿಸಿ ನೋಡಿಕೊಂಡರು.

“ಸರಿ ಬಿಡು,” ಎಂದರು. “ತೊಳ್ಕೊಂಡ್ ಬತ್ತೀನಿ, ಅನ್ನ ಹಾಕು.”